‘ನಿಯಂತ್ರಣ ತಪ್ಪಿ’: ಒಂದು ವಾಕ್ಯದ ವಿಮರ್ಶೆ

ಅಕ್ಕನ ಕಬ್ಬಿಣದ ಪೆಟ್ಟಿಗೆಯಲ್ಲಿ ಆಧಾರ್ ಕಾರ್ಡು, ರೇಷನ್ ಕಾರ್ಡುಗಳ ಜೊತೆ ಒಂದು ಪ್ಲಾಸ್ಟಿಕ್ ಕವರಿದೆ. ಅದರೊಳಗೆ ದಿನಪತ್ರಿಕೆಯಿಂದ ಕತ್ತರಿಸಿದ ಸಣ್ಣ ತುಣುಕು. ಒಂದೇ ಒಂದು ವಾಕ್ಯ: ‘ಚಾಲಕನ ನಿಯಂತ್ರಣ ತಪ್ಪಿ ಕಾರು ರಸ್ತೆ ಬದಿಯ ಮರಕ್ಕೆ ಡಿಕ್ಕಿ ಹೊಡೆದು ಚಾಲಕ ಸ್ಥಳದಲ್ಲೇ ಮೃತಪಟ್ಟ ಘಟನೆ ಮದ್ದೂರು-ಮಳವಳ್ಳಿ ರಸ್ತೆಯಲ್ಲಿ ನಡೆದಿದೆ.’ ಆಮೇಲೆ ಹೆಸರು, ವಯಸ್ಸು, ಊರು. ಆ ಹೆಸರು ನನ್ನ ಭಾವನದು.

2021ರ ಫೆಬ್ರವರಿ. ಕಬ್ಬು ಕಡಿಯುವ ಕಾಲ. ಭಾವ ಹಳದಿ ಬೋರ್ಡಿನ ಕಾರು ಓಡಿಸುತ್ತಿದ್ದರು. ಮಳವಳ್ಳಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೋಗಿ, ರಾತ್ರಿ ಮದ್ದೂರಿನಲ್ಲಿ ಟೀ ಕುಡಿದು, ಕೆ.ಎಂ.ದೊಡ್ಡಿ ದಾಟಿ ಮನೆ ಕಡೆ ಬರುತ್ತಿದ್ದರು. ಮುಂದೆ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಇತ್ತಂತೆ. ಅದನ್ನು ತಪ್ಪಿಸಲು ಹೋಗಿ ಕಾರು ಹುಣಸೆ ಮರಕ್ಕೆ ಬಡಿಯಿತು. ಸೀಟ್‌ಬೆಲ್ಟ್ ಹಾಕಿದ್ದರು. ಆದರೂ ಎದೆ ಸ್ಟೇರಿಂಗಿಗೆ ಬಡಿದಿತ್ತು.

ತಿಥಿ ಮುಗಿದ ಮೇಲೆ ಅಕ್ಕ ಆ ತುಣುಕನ್ನೂ ಎಫ್‌ಐಆರ್ ಪ್ರತಿಯನ್ನೂ ನನ್ನ ಕೈಗೆ ಕೊಟ್ಟು ಓದಿಸಿದಳು. ಎಲ್ಲ ಕೇಳಿಸಿಕೊಂಡು, ‘ನೀನು ಕನ್ನಡ ಎಂ.ಎ. ಮಾಡ್ದೋಳಲ್ವವ್ವ, ಯೋಳು. ಅವ್ರು ಗಾಡಿ ಹಿಡ್ತ ತಪ್ಪುದ್ರು ಅಂತ ಬರ್ದವ್ರೆ. ಆ ಗಾಡೀಲಿ ಬಲೂನು ಇರ್ಲಿಲ್ಲ ಅಂತ ಎಲ್ಲೂ ಬರ್ದಿಲ್ವಲ್ಲ?’ ಅಂದಳು.

ಬಲೂನು ಅಂದರೆ ಏರ್‌ಬ್ಯಾಗ್. ಅವಳಿಗೆ ಅದರ ಬಗ್ಗೆ ಹೇಳಿದ್ದು ಕಾರನ್ನು ಗ್ಯಾರೇಜಿಗೆ ಎಳೆದು ತಂದ ಮೆಕ್ಯಾನಿಕ್. ಅವಳ ಪ್ರಶ್ನೆಗೆ ಅವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ಜನಪದ ಮಹಾಕಾವ್ಯಗಳ ಭಾಷೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು, ಯಾರು ಏನು ಮಾಡಿದರು ಎಂಬುದನ್ನು ಒಂದು ಕಥನ ಹೇಗೆ ಹೇಳುತ್ತದೆ, ಹೇಗೆ ಮುಚ್ಚಿಡುತ್ತದೆ ಎಂದು ದಿನವೂ ಓದುತ್ತೇನೆ. ಮನೆಯ ಪೆಟ್ಟಿಗೆಯಲ್ಲಿದ್ದ ವಾಕ್ಯವನ್ನು ಮಾತ್ರ ಹಾಗೆ ಓದಿರಲಿಲ್ಲ. ಈಗ ಓದಲು ಪ್ರಯತ್ನಿಸುತ್ತೇನೆ.

*

ಮೊದಲು ವ್ಯಾಕರಣ. ಈ ವಾಕ್ಯದ ಮುಖ್ಯ ಕ್ರಿಯಾಪದ ‘ನಡೆದಿದೆ’. ನಡೆದದ್ದು ಏನು? ‘ಘಟನೆ’. ಅಂದರೆ ವಾಕ್ಯದ ಕರ್ತೃ ಮನುಷ್ಯನೂ ಅಲ್ಲ, ಯಂತ್ರವೂ ಅಲ್ಲ. ಉಳಿದದ್ದೆಲ್ಲ ಆ ಘಟನೆಗೆ ವಿಶೇಷಣ. ಕನ್ನಡದ ವರದಿಗಾರಿಕೆಯಲ್ಲಿ ಇದು ಬಹಳ ಹಳೆಯ ಅಚ್ಚು. ಕಳ್ಳತನವೂ ‘ನಡೆದ ಘಟನೆ’, ಕೊಲೆಯೂ ‘ನಡೆದ ಘಟನೆ’. ಆದರೆ ಕಳ್ಳತನದ ಸುದ್ದಿಯಲ್ಲಿ ಕಳ್ಳ ಯಾರೆಂಬ ಪ್ರಶ್ನೆ ಉಳಿಯುತ್ತದೆ. ಅಪಘಾತದ ಸುದ್ದಿಯಲ್ಲಿ ಅದು ಉಳಿಯುವುದಿಲ್ಲ. ಯಾಕೆಂದರೆ ಉತ್ತರ ವಾಕ್ಯದ ಮೊದಲ ಪದದಲ್ಲೇ ಇದೆ: ‘ಚಾಲಕನ’.

ಆಮೇಲೆ ‘ತಪ್ಪಿ’. ಕನ್ನಡದಲ್ಲಿ ‘ತಪ್ಪು’ ಕ್ರಿಯಾಪದವೂ ಹೌದು, ನಾಮಪದವೂ ಹೌದು. ದಾರಿ ತಪ್ಪುತ್ತದೆ, ತಾಳ ತಪ್ಪುತ್ತದೆ, ಅದರಲ್ಲಿ ಯಾರ ಅಪರಾಧವೂ ಇರಬೇಕಿಲ್ಲ. ಆದರೆ ‘ತಪ್ಪು ಯಾರದು?’ ಎಂದಾಗ ಅದೇ ಪದ ಕಟಕಟೆ ಹತ್ತಿಸುತ್ತದೆ. ‘ನಿಯಂತ್ರಣ ತಪ್ಪಿ’ ಎನ್ನುವಾಗ ಮೊದಲ ಅರ್ಥ ಬಾಯಲ್ಲಿದ್ದರೂ ಕಿವಿಗೆ ಬೀಳುವುದು ಎರಡನೆಯದು.

ಮೂರನೆಯದು ಕೃದಂತಗಳ ಸರಪಳಿ. ‘ತಪ್ಪಿ... ಹೊಡೆದು... ಮೃತಪಟ್ಟ’. ನಮ್ಮ ಶಾಲೆಯ ವ್ಯಾಕರಣ ಪುಸ್ತಕಗಳು ‘ತಪ್ಪಿ’, ‘ಹೊಡೆದು’ ಎಂಬಂಥ ರೂಪಗಳನ್ನು ಕೃದಂತಾವ್ಯಯ ಎನ್ನುತ್ತವೆ. ಕನ್ನಡದ ಸೊಗಸು ಇವುಗಳಲ್ಲೇ ಇದೆ. ನೀಲಗಾರರು ಇವುಗಳ ಮೇಲೆಯೇ ಇಡೀ ರಾತ್ರಿ ಕಥೆ ನಡೆಸುತ್ತಾರೆ. ಆದರೆ ಈ ರೂಪಗಳಿಗೆ ಇನ್ನೊಂದು ಗುಣವಿದೆ. ಒಂದಾದ ಮೇಲೊಂದು ಬಂದದ್ದನ್ನು ಒಂದರಿಂದಲೇ ಇನ್ನೊಂದು ಆಯಿತು ಎಂದು ಅವು ನಂಬಿಸುತ್ತವೆ. ‘ಡಿಕ್ಕಿ ಹೊಡೆದು ಮೃತಪಟ್ಟ’ ಎಂದು ಓದುವಾಗ ಡಿಕ್ಕಿಗೂ ಸಾವಿಗೂ ನಡುವೆ ಏನೂ ಇಲ್ಲ ಎನಿಸುತ್ತದೆ.

ನಿಜದಲ್ಲಿ ನಡುವೆ ಇದೆ. ಕಾರು ಮರಕ್ಕೆ ಬಡಿದು ನಿಲ್ಲುವುದಕ್ಕೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಕಾರು ನಿಲ್ಲುತ್ತಿದ್ದರೂ ಒಳಗಿನ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಆ ಕ್ಷಣದಲ್ಲಿ ಕಾರಿನ ಮೂತಿ ಎಷ್ಟು ಮುದುಡಬೇಕು, ಕೂತ ಜಾಗ ಎಷ್ಟು ಗಟ್ಟಿ ನಿಲ್ಲಬೇಕು, ಸ್ಟೇರಿಂಗ್ ಎಷ್ಟು ಹಿಂದೆ ಬರಬಹುದು, ಬೆಲ್ಟು ಎಷ್ಟು ಬಿಗಿಯಬೇಕು, ಏರ್‌ಬ್ಯಾಗ್ ಯಾವಾಗ ಅರಳಬೇಕು, ಇವೆಲ್ಲ ತೀರ್ಮಾನವಾಗುತ್ತವೆ. ತೀರ್ಮಾನ ಮಾಡುವವನು ಚಾಲಕನಲ್ಲ. ವರ್ಷಗಳ ಹಿಂದೆಯೇ ಯಾವುದೋ ಕಾರ್ಖಾನೆಯ ನಕ್ಷೆಯಲ್ಲಿ, ಯಾವುದೋ ಲೆಕ್ಕಪತ್ರದಲ್ಲಿ ಅದು ಆಗಿಹೋಗಿರುತ್ತದೆ. ‘ಹೊಡೆದು’ ಮತ್ತು ‘ಮೃತಪಟ್ಟ’ ಎಂಬ ಎರಡು ಪದಗಳ ನಡುವಿನ ಬಿಡುವು ಕಾರು ಮಾಡಿದವನದು. ನಮ್ಮ ವಾಕ್ಯದಲ್ಲಿ ಅವನ ಹೆಸರಿಲ್ಲ.

ಇದನ್ನು ಮೊದಲು ದೊಡ್ಡ ದನಿಯಲ್ಲಿ ಹೇಳಿದವರಲ್ಲಿ ಅಮೆರಿಕದ ವಕೀಲ ರಾಲ್ಫ್ ನೇಡರ್ ಒಬ್ಬರು. 1965ರಲ್ಲಿ ಅವರ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಬಂತು. ಕಾರು ಇನ್ನೊಂದಕ್ಕೆ ಬಡಿಯುವುದು ಮೊದಲ ಡಿಕ್ಕಿ, ಒಳಗಿನ ಮನುಷ್ಯ ಕಾರಿಗೇ ಬಡಿಯುವುದು ಎರಡನೇ ಡಿಕ್ಕಿ. ಮನುಷ್ಯರನ್ನು ಕೊಲ್ಲುವುದು ಹೆಚ್ಚಾಗಿ ಈ ಎರಡನೆಯದು ಎಂಬ ತಿಳಿವಳಿಕೆ ಎಂಜಿನಿಯರುಗಳ ಕೋಣೆಯಿಂದ ಓದುಗರ ಮನೆಗೆ ಬಂದದ್ದು ಆ ಪುಸ್ತಕದಿಂದ. ಎಲ್ಲಕ್ಕೂ ಚಾಲಕನೇ ಕಾರಣ ಎಂಬ ಮಾತು ತಾನಾಗಿ ಹುಟ್ಟಿದ್ದಲ್ಲ, ಅದನ್ನು ಉದ್ಯಮ ಬೆಳೆಸಿಕೊಂಡು ಬಂದಿದೆ ಎಂಬುದು ಅವರ ವಾದ. ಜನರಲ್ ಮೋಟಾರ್ಸ್ ಅವರ ಬೆನ್ನಿಗೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. 1966ರ ಮಾರ್ಚಿನಲ್ಲಿ ಅದರ ಅಧ್ಯಕ್ಷರು ಸೆನೆಟ್ಟಿನ ಉಪಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತೆಯ ಕಾನೂನು ಬಂತು. ಒಂದು ಪುಸ್ತಕ ಒಂದು ವಾಕ್ಯದ ಕರ್ತೃವನ್ನು ಬದಲಿಸಿತು ಎಂದು ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಇದನ್ನು ಓದುತ್ತೇನೆ.

*

ನಮ್ಮಲ್ಲಿ ಈ ವಾಕ್ಯವನ್ನು ಕಾಪಾಡುವ ಬೇರೆ ಪಠ್ಯಗಳೂ ಇವೆ. ಪೊಲೀಸ್ ಕನ್ನಡವನ್ನೇ ನೋಡಿ. ಭಾವನ ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಹೋಗಿ’ ಎಂದಿದೆ. ಆಗಿನ ದಂಡ ಸಂಹಿತೆಯ 279 ಮತ್ತು 304ಎ. ಈಗ ನ್ಯಾಯ ಸಂಹಿತೆಯಲ್ಲಿ 281 ಮತ್ತು 106. ಕಲಮುಗಳ ಸಂಖ್ಯೆ ಬದಲಾಗಿದೆ, ವಾಕ್ಯ ಬದಲಾಗಿಲ್ಲ. ಸತ್ತವನೇ ಆರೋಪಿ. ಆರೋಪಿ ಸತ್ತಿರುವುದರಿಂದ ಪ್ರಕರಣ ಮುಕ್ತಾಯ. ಇದು ಬರೀ ಭಾಷೆಯ ವಿಷಯವಲ್ಲ. ಚಾಲಕನ ನಿರ್ಲಕ್ಷ್ಯವೇ ಕಾರಣ ಎಂದಾದರೆ, ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ನಿನಡಿ ಅವನ ಮನೆಯವರಿಗೆ ಪರಿಹಾರದ ಬಾಗಿಲು ಮುಚ್ಚುತ್ತದೆ. ತನ್ನ ತಪ್ಪಿನಿಂದ ತಾನೇ ಸತ್ತವನಿಗೆ ಅಲ್ಲಿ ಜಾಗವಿಲ್ಲ. ಉಳಿಯುವುದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ, ಅದೂ ಮಾಡಿಸಿದ್ದರೆ. ಅಕ್ಕ ವಾಕ್ಯದ ಬಗ್ಗೆ ಕೇಳಿದ್ದು ಸುಮ್ಮನೆ ಅಲ್ಲ.

ಇನ್ನು ರಸ್ತೆ ಬದಿಯ ಫಲಕಗಳು. ‘ಅವಸರವೇ ಅಪಘಾತಕ್ಕೆ ಕಾರಣ’. ‘ಅತಿ ವೇಗ, ತಿಥಿ ಬೇಗ’. ಪ್ರಾಸ ಚೆನ್ನಾಗಿದೆ, ಮಾತು ಸುಳ್ಳಲ್ಲ. ಆದರೆ ಈ ಫಲಕಗಳೆಲ್ಲ ಮಧ್ಯಮ ಪುರುಷದಲ್ಲಿವೆ. ‘ನೀನು’ ಎಂದು ಚಾಲಕನನ್ನೇ ನೋಡಿ ಮಾತಾಡುತ್ತವೆ. ಕಾರ್ಖಾನೆಯ ಗೇಟಿನ ಕಡೆ ಮುಖ ಮಾಡಿ ನಿಂತ ಒಂದು ಫಲಕವನ್ನೂ ನಾನು ನೋಡಿಲ್ಲ.

ಮೂರನೆಯದು ಶೋಕದ ಭಾಷೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್ ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡರು. ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಆ ಸಾವಿನ ಕಥೆ ಕೇಳುತ್ತಲೇ ಬೆಳೆದೆ: ವಿಧಿ, ಕ್ರೂರ ವಿಧಿ, ಹಣೆಬರಹ. ಇವತ್ತಿಗೂ ಆಟೊಗಳ ಹಿಂದೆ ಅವರ ಚಿತ್ರವಿದೆ. ಶೋಕಕ್ಕೆ ವಿಧಿ ಎಂಬ ಪದ ಬೇಕು, ಅದಿಲ್ಲದೆ ಉಳಿದವರು ಬದುಕಲಾರರು. ಆದರೆ ವಿಧಿ ಎಂದ ಮೇಲೆ ಪ್ರಶ್ನೆ ನಿಲ್ಲುತ್ತದೆ. ಪೊಲೀಸ್ ಭಾಷೆ ಚಾಲಕನ ಕಡೆ ಬೆರಳು ತೋರಿಸುತ್ತದೆ, ಶೋಕದ ಭಾಷೆ ಆಕಾಶದ ಕಡೆ. ನಡುವೆ ನಿಂತ ಯಂತ್ರದ ಕಡೆ ಯಾರೂ ತೋರಿಸುವುದಿಲ್ಲ.

*

ಹಾಗಾದರೆ ಈ ವಾಕ್ಯ ಬದಲಾಗುವುದೇ ಇಲ್ಲವೇ? ಬದಲಾದದ್ದನ್ನು ನಮ್ಮ ಜಿಲ್ಲೆಯೇ ನೋಡಿದೆ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ಮಂಡ್ಯ ಎರಡು ದುಃಖಗಳನ್ನು ಒಟ್ಟಿಗೆ ಹೊತ್ತಿತು. ಮೊದಲ ದಿನ ಮಾತೆಲ್ಲ ಚಾಲಕನದೇ. ಆದರೆ ಜನ ಅಲ್ಲಿಗೇ ಬಿಡಲಿಲ್ಲ. ನಾಲೆಯ ಏರಿಗೆ ತಡೆಗೋಡೆ ಎಲ್ಲಿ ಎಂದು ಕೇಳಿದರು. ಆಮೇಲೂ ಕಾರುಗಳು ನಾಲೆಗೆ ಬಿದ್ದವು, ಪ್ರತಿ ಸಲವೂ ಅದೇ ಪ್ರಶ್ನೆ ಜೋರಾಯಿತು. ಈಗ ನಾಲೆಯ ಸುದ್ದಿ ಬರೆಯುವವರು ‘ತಡೆಗೋಡೆ ಇಲ್ಲದ ನಾಲೆಗೆ’ ಎಂದು ಬರೆಯುತ್ತಾರೆ. ಎರಡೇ ಪದ ಸೇರಿತು. ಅಷ್ಟರಿಂದ ವಾಕ್ಯದೊಳಗೆ ನೀರಾವರಿ ಇಲಾಖೆ, ಲೋಕೋಪಯೋಗಿ ಇಲಾಖೆ, ಸರ್ಕಾರ ಎಲ್ಲ ಬಂದು ನಿಂತವು. ‘ಇಲ್ಲದ’ ಎಂಬ ಒಂದು ವಿಶೇಷಣ ಇಷ್ಟು ಕೆಲಸ ಮಾಡಬಲ್ಲದು.

ಎಕ್ಸ್‌ಪ್ರೆಸ್‌ವೇ ಬಂದಾಗಲೂ ಹೀಗೇ ಆಯಿತು. 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದು ಮದ್ದೂರು, ಮಂಡ್ಯ ಪೇಟೆಗಳನ್ನು ಬಳಸಿಕೊಂಡು ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿ ಇಲ್ಲದ ವಾರವಿರಲಿಲ್ಲ. ರಸ್ತೆ ‘ಅವೈಜ್ಞಾನಿಕ’ ಎಂದು ಒಂದು ಪಕ್ಷ, ಓಡಿಸುವವರಿಗೆ ಶಿಸ್ತಿಲ್ಲ ಎಂದು ಇನ್ನೊಂದು ಪಕ್ಷ. ಗಂಟೆಗೆ 100 ಕಿಲೋಮೀಟರಿನ ಮಿತಿ ಜಾರಿಗೆ ಬಂತು, ವೇಗ ಅಳೆಯುವ ಕ್ಯಾಮೆರಾಗಳು ಬಂದವು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಸಾವುಗಳು ಇಳಿದವು. ಇದನ್ನು ನಾನು ಮರೆಮಾಚಬಾರದು: ಚಾಲಕ ನಿಧಾನವಾದರೆ ಜೀವ ಉಳಿಯುತ್ತದೆ, ರಸ್ತೆ ಸರಿಯಾದರೆ ಜೀವ ಉಳಿಯುತ್ತದೆ. ಫಲಕಗಳು ಹೇಳುವುದರಲ್ಲಿ ನಿಜವಿದೆ. ನನ್ನ ತಕರಾರು ಇಷ್ಟೇ. ಇಡೀ ನಾಡು ತಿಂಗಳುಗಟ್ಟಲೆ ಮಾತಾಡಿದ ಆ ಚರ್ಚೆಯಲ್ಲಿ ರಸ್ತೆ ಇತ್ತು, ಚಾಲಕನಿದ್ದ; ನಜ್ಜುಗುಜ್ಜಾದ ಕಾರು ಬರೀ ಫೋಟೊದಲ್ಲಿತ್ತು. ಅದನ್ನು ಯಾರೂ ಓದಲಿಲ್ಲ.

*

ಭಾವನ ಕಾರನ್ನು ನಾನು ಓದಿದ್ದು ಗ್ಯಾರೇಜಿನಲ್ಲಿ. 2015ರ ಗಾಡಿ, ಎರಡನೇ ಕೈಯಿಂದ ಕೊಂಡದ್ದು. ಮೆಕ್ಯಾನಿಕ್ ಅದನ್ನು ‘ಬೇಸ್ ಮಾಡೆಲ್’ ಅಂದರು. ಪಕ್ಕದಲ್ಲಿ ಅದೇ ಕಂಪನಿಯ, ಅದೇ ಹೆಸರಿನ ಇನ್ನೊಂದು ಕಾರಿತ್ತು, ‘ಫುಲ್ ಆಪ್ಷನ್’. ಎರಡರ ಸ್ಟೇರಿಂಗನ್ನೂ ತೋರಿಸಿದರು. ಫುಲ್ ಆಪ್ಷನ್ ಕಾರಿನ ಸ್ಟೇರಿಂಗ್ ನಡುವೆ ‘ಏರ್‌ಬ್ಯಾಗ್’ ಎಂಬ ಅಕ್ಷರಗಳು ಉಬ್ಬಿದ್ದವು. ಭಾವನ ಕಾರಿನಲ್ಲಿ ಅದೇ ಜಾಗಕ್ಕೆ ನುಣುಪಾದ ಪ್ಲಾಸ್ಟಿಕ್ ಮುಚ್ಚಳ. ಅಚ್ಚು ಒಂದೇ, ಅಕ್ಷರ ಮಾತ್ರ ಇಲ್ಲ. ಬರೆದದ್ದನ್ನು ಓದುವುದಷ್ಟೇ ವಿಮರ್ಶೆ ಅಲ್ಲ, ಬಿಟ್ಟದ್ದನ್ನೂ ಓದಬೇಕು ಎಂದು ತರಗತಿಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಆ ಮುಚ್ಚಳದ ಮುಂದೆ ಅದು ಅರ್ಥವಾಯಿತು. ಕಂಪನಿಯ ಹೆಸರು ಇಲ್ಲಿ ಬೇಡ. ಆ ಕಾಲದಲ್ಲಿ ಅದು ಒಂದು ಕಂಪನಿಯ ಕಥೆಯಾಗಿರಲಿಲ್ಲ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದ ಫಲಿತಾಂಶ ಹೊರಬಿತ್ತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಎಲ್ಲವೂ ಏರ್‌ಬ್ಯಾಗ್ ಇಲ್ಲದ ಮಾದರಿಗಳು. ದೊಡ್ಡವರ ರಕ್ಷಣೆಗೆ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಭಾರತದ ಕಾನೂನು ಕೇಳುವುದನ್ನೆಲ್ಲ ನಮ್ಮ ಕಾರುಗಳು ಪೂರೈಸುತ್ತವೆ ಎಂಬುದು ಉದ್ಯಮದ ಉತ್ತರವಾಗಿತ್ತು. ಅದು ನಿಜವೂ ಆಗಿತ್ತು. ಕಾನೂನು ಅಷ್ಟನ್ನು ಕೇಳುತ್ತಿರಲಿಲ್ಲ.

ಆ ಐದರಲ್ಲಿ ಪೋಲೊ ಕಥೆಯನ್ನು ಬಿಡಿಸಿ ನೋಡಬೇಕು. ಅದರ ದೇಹ ಗಟ್ಟಿಯಾಗಿತ್ತು. ಸೊನ್ನೆ ಬಂದದ್ದು ಏರ್‌ಬ್ಯಾಗ್ ಇಲ್ಲದ್ದರಿಂದ. ಫೋಕ್ಸ್‌ವ್ಯಾಗನ್ ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಮಾರುಕಟ್ಟೆಯಿಂದ ಹಿಂತೆಗೆದು, ಎರಡು ಏರ್‌ಬ್ಯಾಗುಗಳನ್ನು ಎಲ್ಲ ಮಾದರಿಗೂ ಹಾಕಿತು. ಅಂಥ ಕಾರಿಗೆ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಬಂತು. ಅದೇ ಕಾರು, ಅದೇ ಕಾರ್ಖಾನೆ. ಸೊನ್ನೆಗೂ ನಾಲ್ಕಕ್ಕೂ ನಡುವಿನ ಅಂತರ ಅಲ್ಲಿಯೇ ಗೋದಾಮಿನಲ್ಲಿತ್ತು.

ಕಾನೂನು ಬಂದದ್ದು 2019ರ ಜುಲೈ 1ಕ್ಕೆ. ಅಂದಿನಿಂದ ತಯಾರಾಗುವ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ನೆನಪಿಸುವ ಗಂಟೆ, ವೇಗ ಹೆಚ್ಚಾದರೆ ಎಚ್ಚರಿಸುವ ಸದ್ದು ಕಡ್ಡಾಯವಾದವು. ಚಾಲಕನ ಪಕ್ಕದ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಗಲು ಇನ್ನೂ ಎರಡು ವರ್ಷ ಹಿಡಿಯಿತು. ಸೊನ್ನೆ ನಕ್ಷತ್ರ ಎಲ್ಲರಿಗೂ ಗೊತ್ತಾದ ದಿನದಿಂದ ಚಾಲಕನಿಗೆ ಒಂದು ಏರ್‌ಬ್ಯಾಗ್ ಹಕ್ಕಾಗುವ ದಿನದವರೆಗೆ ಐದೂವರೆ ವರ್ಷ. ಭಾವನ ಕಾರು ಆ ಐದೂವರೆ ವರ್ಷಗಳ ಕೂಸು. ಅಂಥವು ಇವತ್ತೂ ಮಳವಳ್ಳಿ ಬಸ್ ಸ್ಟ್ಯಾಂಡಿನ ಹೊರಗೆ ಬಾಡಿಗೆಗೆ ನಿಂತಿರುತ್ತವೆ. ಕಾನೂನಿಗೆ ಹಿಂದಿನ ಕಾರುಗಳ ನೆನಪಿಲ್ಲ. ಹಳೆಯ ಕಾರು ಕೊಳ್ಳುವವರು ಯಾರು ಎಂದು ಇನ್ನೊಮ್ಮೆ ಹೇಳಬೇಕಾಗಿಲ್ಲ.

ಉದ್ಯಮದ ಇನ್ನೊಂದು ವಾದ ಬೆಲೆಯದು. ಸುರಕ್ಷತೆ ತುಂಬಿದರೆ ಬಡವನಿಗೆ ಕಾರು ಸಿಗದೆ ಅವನು ಬೈಕಿನಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾನೆ, ಅದು ಇನ್ನೂ ಅಪಾಯ. ಈ ವಾದವನ್ನು ನಾನು ಹಗುರವಾಗಿ ತಳ್ಳಲಾರೆ. ನಮ್ಮಪ್ಪ ನಮ್ಮನ್ನು ಹಾಗೆಯೇ ಕರೆದೊಯ್ಯುತ್ತಿದ್ದರು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ, ಹೆಗಲು ಮತ್ತು ಸೊಂಟಕ್ಕೆ ಬರುವ ಸೀಟ್‌ಬೆಲ್ಟಿನ ಪೇಟೆಂಟನ್ನು ಆ ಕಂಪನಿ ಎಲ್ಲ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಭಾವ ಹಾಕಿದ್ದೂ ಅದೇ ಬಗೆಯ ಬೆಲ್ಟು. ಜೀವ ಉಳಿಸುವುದನ್ನು ಎಲ್ಲರ ಸೊತ್ತು ಎಂದು ನೋಡಬಹುದು, ಫುಲ್ ಆಪ್ಷನ್ ಎಂದೂ ನೋಡಬಹುದು. ಎರಡೂ ತಯಾರಕರ ಆಯ್ಕೆಗಳೇ. ಕಾರಿನ ಬಾಗಿಲು, ಬ್ರೇಕು ಐಚ್ಛಿಕ ಎಂದು ಯಾರೂ ಹೇಳಲಿಲ್ಲ. ಚಾಲಕನ ಎದೆಯ ಮುಂದಿನ ಜಾಗ ಮಾತ್ರ ಐಚ್ಛಿಕವಾಯಿತು.

*

ಇಲ್ಲಿ ನನ್ನ ಸಂಶೋಧನೆಯ ಪಠ್ಯಕ್ಕೆ ಬರುತ್ತೇನೆ. ಅದೂ ಇದೇ ರಸ್ತೆಗಳ ಪಠ್ಯ. ಮಂಟೇಸ್ವಾಮಿ ಕಾವ್ಯದಲ್ಲಿ ‘ಹಲಗೂರು ಪವಾಡ’ ಎಂಬ ಭಾಗವಿದೆ. ಹಲಗೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ಕನಕಪುರ ರಸ್ತೆಯಲ್ಲಿ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರವೂ ಇದೇ ತಾಲ್ಲೂಕು. ಕಥೆಯಲ್ಲಿ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಕಬ್ಬಿಣ ಕಾಯಿಸುವ ಕುಲುಮೆಗಳ ಊರು ಅದು. ಆದರೆ ಅವರು ನಮ್ಮಲ್ಲಿ ಕಬ್ಬಿಣವೇ ಇಲ್ಲ ಎನ್ನುತ್ತಾರೆ. ಕೇಳಲು ಬಂದವನನ್ನೇ ನಾನಾ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವನು ಎಲ್ಲವನ್ನೂ ಗೆದ್ದು, ಇಲ್ಲವೆಂದ ಕಬ್ಬಿಣವನ್ನು ಅವರಿಂದಲೇ ಪಡೆಯುತ್ತಾನೆ.

ಈ ಭಾಗವನ್ನು ಜಾತಿ ಸಂಘರ್ಷವಾಗಿ, ಪಂಥಗಳ ಪೈಪೋಟಿಯಾಗಿ, ಹೊಸ ಧರ್ಮವೊಂದು ಕಸುಬಿನವರನ್ನು ಒಳಗೊಳ್ಳುವ ಕಥೆಯಾಗಿ ಓದಿದ್ದಾರೆ. ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಕಸುಬಿನವರನ್ನು ಕೆಟ್ಟವರೆಂದು ತೋರಿಸಲು ಈ ಕಥೆಯನ್ನು ಬಳಸುವುದಂತೂ ತಪ್ಪು. ಯಾಕೆಂದರೆ ಕೇಳಲು ಹೋದ ಸಿದ್ಧಪ್ಪಾಜಿಯೇ ಪಾಂಚಾಳರ ಮನೆಯ ಹುಡುಗ, ಹುಟ್ಟುಹೆಸರು ಕೆಂಪಾಚಾರಿ, ಊರು ನಿಡಘಟ್ಟ. ಇವತ್ತು ಎಕ್ಸ್‌ಪ್ರೆಸ್‌ವೇಯ ಎರಡು ಹಂತಗಳು ಸೇರುವುದು ಮದ್ದೂರು ತಾಲ್ಲೂಕಿನ ಆ ನಿಡಘಟ್ಟದಲ್ಲೇ. ಮಾಡುವವರ ಮನೆಯಿಂದಲೇ ಬಂದವನು ಮಾಡುವವರನ್ನು ಕೇಳುತ್ತಾನೆ.

ಭಾವನ ಸಾವಿನ ನಂತರ ನನಗೆ ಕಾಣುವುದು ಇನ್ನೊಂದು ಓದು. ಈ ಕಥೆಯ ಗಂಟು ಕಬ್ಬಿಣ ಇದೆಯೋ ಇಲ್ಲವೋ ಎಂಬುದಲ್ಲ. ಇದೆ ಎಂದು ಕೇಳುವ ಎಲ್ಲರಿಗೂ ಗೊತ್ತು. ಇರುವುದನ್ನು ಇಲ್ಲ ಎನ್ನುವ ಬಾಯಿ, ಮತ್ತು ಆ ‘ಇಲ್ಲ’ವನ್ನು ಒಪ್ಪದೆ ಕುಲುಮೆಯ ಮುಂದೆಯೇ ನಿಲ್ಲುವ ಹಟ, ಇವೆರಡರ ನಡುವೆ ಕಥೆ ನಡೆಯುತ್ತದೆ. ರಫ್ತಾಗುವ ಕಾರಿಗೆ ಆರು ಏರ್‌ಬ್ಯಾಗ್ ಹಾಕುವ ಕಂಪನಿಗಳು ನಮ್ಮವರಿಗೆ ಮಾತ್ರ ಯಾಕೆ ಹಾಕುವುದಿಲ್ಲ ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ 2022ರಲ್ಲಿ ಕೇಳಿದಾಗ, ನನಗೆ ಕೇಳಿಸಿದ್ದು ಹಲಗೂರಿನ ಪ್ರಶ್ನೆ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡು ಬಂತು, ಒಂದು ವರ್ಷ ಮುಂದಕ್ಕೆ ಹೋಯಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಕಡ್ಡಾಯ ಮಾಡುವುದಿಲ್ಲ ಎಂದು ಅದೇ ಸಚಿವರು ಹೇಳಿದರು. ಅದೇ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ನಕ್ಷತ್ರ ಪರೀಕ್ಷೆ ಶುರುವಾಯಿತು. ಅದು ಒಳ್ಳೆಯದೇ, ಈಗ ಐದು ನಕ್ಷತ್ರವನ್ನು ಜಾಹೀರಾತಿನಲ್ಲಿ ಹೆಮ್ಮೆಯಿಂದ ತೋರಿಸುತ್ತಾರೆ. ಆದರೆ ಪರೀಕ್ಷೆಗೆ ಕಾರು ಕಳಿಸುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಕಾವ್ಯದ ಸಿದ್ಧಪ್ಪಾಜಿ ಕುಲುಮೆಯ ಮುಂದಿನಿಂದ ಇಷ್ಟು ಬೇಗ ಎದ್ದು ಬರುವುದಿಲ್ಲ.

*

ಕೇಳಿದರೆ ಉತ್ತರ ಸಿಗುತ್ತದೆ ಎನ್ನುವುದಕ್ಕೆ ನ್ಯಾಯಾಲಯದ ಒಂದು ಪಠ್ಯವಿದೆ. 2017ರ ನವೆಂಬರಿನಲ್ಲಿ ಒಬ್ಬರ ಕ್ರೆಟಾ ಕಾರು ಅಪಘಾತಕ್ಕೀಡಾದಾಗ ಅದರ ಏರ್‌ಬ್ಯಾಗುಗಳು ತೆರೆದುಕೊಳ್ಳಲಿಲ್ಲ. ಅವರು ಗ್ರಾಹಕ ಆಯೋಗಕ್ಕೆ ಹೋದರು. ಹುಂಡೈ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ಏಪ್ರಿಲಿನಲ್ಲಿ ಕೋರ್ಟು ಗ್ರಾಹಕನ ಪರ ನಿಂತಿತು. ವೇಗ, ಬಲಗಳ ಲೆಕ್ಕ ಹಾಕಿ ಡಿಕ್ಕಿಯ ಪರಿಣಾಮ ಊಹಿಸಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನಲ್ಲ ಎಂಬರ್ಥದ ಮಾತನ್ನು ತೀರ್ಪು ಹೇಳಿತು. ಏರ್‌ಬ್ಯಾಗ್ ಇದೆ ಎಂದು ನಂಬಿ ಕೊಂಡವನಿಗೆ, ಅದು ಬೇಕಾದಾಗ ಅರಳುತ್ತದೆ ಎಂದು ನಂಬುವ ಹಕ್ಕಿದೆ. ಈ ತೀರ್ಪಿನ ವಾಕ್ಯದಲ್ಲಿ ಕರ್ತೃ ಬದಲಾಗಿದೆ. ಇಲ್ಲಿ ತಪ್ಪಿದ್ದು ಚಾಲಕನ ನಿಯಂತ್ರಣವಲ್ಲ, ತಯಾರಕನ ಮಾತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲೂ 110ಎ ಎಂಬ ಸೆಕ್ಷನ್ ಸೇರಿದೆ. ದೋಷವಿರುವ ವಾಹನಗಳನ್ನು ಹಿಂದಕ್ಕೆ ಪಡೆಯುವಂತೆ ಸರ್ಕಾರ ತಯಾರಕರಿಗೆ ಆದೇಶಿಸಬಹುದು.

ಆದರೆ ಈ ಎರಡೂ ಬಾಗಿಲು ಭಾವನಿಗೆ ತೆರೆಯುವುದಿಲ್ಲ. ಅವರ ಕಾರಿನಲ್ಲಿ ಕೆಟ್ಟುಹೋಗಲು ಏರ್‌ಬ್ಯಾಗೇ ಇರಲಿಲ್ಲ. ಕೊಟ್ಟ ಮಾತು ತಪ್ಪಿದರೆ ಕೇಳಬಹುದು, ಮಾತೇ ಕೊಡದಿದ್ದರೆ ಏನು ಕೇಳುವುದು? ಕಾನೂನು ನಿಲ್ಲುವ ಈ ಜಾಗದಲ್ಲಿ ಭಾಷೆ ಕೆಲಸ ಶುರುಮಾಡಬೇಕು ಎಂಬುದು ನನ್ನ ವಾದ. ‘ತಡೆಗೋಡೆ ಇಲ್ಲದ ನಾಲೆ’ ಎಂದು ಬರೆಯಲು ಯಾವ ಕಾನೂನೂ ಹೇಳಿರಲಿಲ್ಲ. ಜನ ಹೇಳ ಹೇಳುತ್ತ ಅದು ಬರವಣಿಗೆಗೆ ಬಂತು, ಬರವಣಿಗೆಯಿಂದ ಕಡತಕ್ಕೆ ಹೋಯಿತು. ಹಾಗೆಯೇ ‘ಏರ್‌ಬ್ಯಾಗ್ ಇಲ್ಲದ ಕಾರು’ ಎಂದು ವರದಿಗಾರ ಬರೆಯಲಿ. ಕಾರು ಯಾವ ಮಾದರಿ, ಯಾವ ವರ್ಷದ್ದು, ಒಳಗಿನ ಜಾಗ ಉಳಿದಿತ್ತೋ ಕುಸಿದಿತ್ತೋ ಎಂದು ಮಹಜರಿನಲ್ಲಿ ಒಂದು ಸಾಲು ಸೇರಲಿ. ಏರ್‌ಬ್ಯಾಗ್ ಇದ್ದಿದ್ದರೆ ಭಾವ ಬದುಕುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಆ ಪ್ರಶ್ನೆಗೆ ಕಡತದಲ್ಲಿ ಒಂದು ಜಾಗ ಇರಬೇಕಿತ್ತು ಎನ್ನುತ್ತಿದ್ದೇನೆ.

ಈ ಲೇಖನ ಬರೆಯುವ ಮುಂಚೆ ಊರಿಗೆ ಹೋಗಿದ್ದಾಗ ಆ ವಾಕ್ಯವನ್ನು ನನ್ನದೇ ರೀತಿಯಲ್ಲಿ ತಿದ್ದಿ ಅಕ್ಕನಿಗೆ ಓದಿ ಹೇಳಿದೆ: ‘ಮದ್ದೂರು-ಮಳವಳ್ಳಿ ರಸ್ತೆಯಲ್ಲಿ ಕಾರು ಮರಕ್ಕೆ ಡಿಕ್ಕಿ ಹೊಡೆಯಿತು. ತಯಾರಕರು ಏರ್‌ಬ್ಯಾಗ್ ಅಳವಡಿಸದ ಆ ಕಾರಿನ ಸ್ಟೇರಿಂಗ್ ಎದೆಗೆ ಬಡಿದು ಚಾಲಕ ಮೃತಪಟ್ಟರು.’ ಎರಡು ವಾಕ್ಯ, ಇಬ್ಬರು ಕರ್ತೃಗಳು. ನನಗೆ ನಾನೇ ಮೆಚ್ಚಿಕೊಂಡಿದ್ದೆ.

ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಟ್ರ್ಯಾಕ್ಟರಿಗೆ ಲೈಟಿರ್ಲಿಲ್ಲ ಅನ್ನೋದ ಯಾಕ್ ಬುಟ್ಟೆ? ಅದ್ನೂ ಸೇರ್ಸು. ಅವ್ರು ಹಿಂದ್ಲ ದಿನ ನಿದ್ದೆ ಮಾಡಿರ್ಲಿಲ್ಲ, ಅದೂ ಇರ್ಲಿ’ ಅಂದಳು. ‘ಎಲ್ಲಾ ಬರಿ ಕಣವ್ವ. ಒಬ್ರ ಮ್ಯಾಲೇ ಹಾಕ್ಬೇಡ.’